ಅಮಾವಾಸ್ಯೆಯ ಸ್ವಿಚ್ಚು

ಲಕಮನಹಳ್ಳಿಯ ಗುರುಸಿದ್ದಯ್ಯನವರ ಎಣ್ಣೆ ಮಿಲ್ಲಿನಲ್ಲಿ ಅಮಾವಾಸ್ಯೆಯ ಪೂಜೆ ಮುಗಿಯುವವರೆಗೆ ಯಂತ್ರ ತಿರುಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಒಳಗೂ ವಿಭೂತಿ ಹಚ್ಚಬೇಕು. ಬೀಗ ಹಾಕಿದ ಅದರ ಬಾಗಿಲು ಎಲ್ಲರೆದುರು ತೆರೆಯುವುದು ಅವತ್ತು ಮಾತ್ರ. ಕರೆಯದಿದ್ದರೂ ಇಂಜಿನಿಯರ್ ವೃಂದಾ ಬಂದದ್ದು ಅದಕ್ಕೇ.

ಈ ಮಿಲ್ಲಿಗೆ ಯಂತ್ರ ನಡೆಸುವ ಜೋಡಿ ಕಂಟ್ರೋಲರ್ ಯೋಜಿಸಿಕೊಟ್ಟವಳು ಅವಳು. ಒಂದು ಕೆಟ್ಟು ನಿಂತರೆ ಇನ್ನೊಂದು ಆ ಕ್ಷಣವೇ ಕೆಲಸ ಹಿಡಿಯಬೇಕು. ಆದರೆ ಹೋದ ಬೇಸಿಗೆಯಲ್ಲಿ ಎರಡೂ ಒಟ್ಟಿಗೆ ನಿಂತು, ಕಾಯುತ್ತಿದ್ದ ಎಣ್ಣೆ ಕರಕಾಯಿತು. "ಆಕಿ ಪ್ಲ್ಯಾನೇ ಪೊಳ್ಳು" ಎಂದು ತಂತಿ ಎಳೆಸಿದ್ದ ಮ್ಯಾನೇಜರ್ ಆಶಿಷ್ ಊರೆಲ್ಲ ಹೇಳಿಕೊಂಡು ಬಂದ. ಆಮೇಲೆ ಯಾವ ಮಿಲ್ಲಿನವರೂ ಅವಳನ್ನು ಒಳಗೆ ಕರೆಯಲಿಲ್ಲ. ಪೊಳ್ಳು ಎನ್ನುವಾಗ ಆಶಿಷನ ಮುಖದಲ್ಲಿದ್ದ ಮರುಕದ ನಗು ನೆನಪಾದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆರತಿ ಬೆಳಗುವಾಗ ಎಲ್ಲರೂ ಕೈಮುಗಿದರು; ಅವಳು ತಂತಿಗಳನ್ನು ನೋಡಿದಳು. ಒಂದೊಂದು ಕಂಟ್ರೋಲರಿಗೂ ಬೇರೆ ಬೇರೆ ಕರೆಂಟಿನ ದಾರಿ ಇರಲೇಬೇಕೆಂದು ಅವಳು ಬಡಿದುಕೊಂಡು ಹೇಳಿದ್ದಳು. ಇಲ್ಲಿ ಎರಡೂ ಒಂದೇ ಸ್ವಿಚ್ಚಿನಿಂದ ಕವಲೊಡೆದಿದ್ದವು.

"ಆಶಿಷ್ ಸಾಹೇಬ್ರ, ಪೂಜಿ ಆತು. ಎಣ್ಣಿ ಹಾಕಬ್ಯಾಡ್ರಿ, ಖಾಲಿ ಮಿಲ್ ಚಾಲೂ ಮಾಡ್ರಿ. ಆಮ್ಯಾಲೆ ಒಂದನೇ ಕಂಟ್ರೋಲರಿನ ಸ್ವಿಚ್ ತಗೀರಿ. ನನ್ನ ಪ್ಲ್ಯಾನ್ ಪೊಳ್ಳೋ ಗಟ್ಟಿಯೋ, ಧಣ್ಯಾರು ನೋಡ್ಲಿ."

"ಇವತ್ಯಾಕ್ರಿ ಮೇಡಂ. ಪ್ರಸಾದ ತಗೊಂಡು ಹೋಗ್ರಿ."

"ತಗೀಯೋ," ಎಂದರು ಗುರುಸಿದ್ದಯ್ಯ.

ಮಿಲ್ಲು ಗುಡುಗುಡಿಸಿತು. ಆಶಿಷ್ ಸ್ವಿಚ್ ತೆಗೆದು ಕರೆಂಟು ಕಡಿದ. ಎರಡೂ ಕಂಟ್ರೋಲರಿನ ದೀಪ ಆರಿದವು, ಮಿಲ್ಲು ತೆಪ್ಪಗಾಯಿತು.

"ಎರಡನೇದರ ಸ್ವಿಚ್ ಎಲ್ಲೈತಿ?" ಧಣಿ ಕೇಳಿದರು.

"ಎರಡಕ್ಕೂ ಇದ ಒಂದರಿ. ಅಷ್ಟ ಸಾಕು ಅಂತ ನಾನ..."

ಧಣಿಯ ಹೆಂಡತಿ ಬಾಳವ್ವ ಆರತಿ ತಟ್ಟೆ ಕೆಳಗಿಟ್ಟಳು. "ಎರಡು ಒಲಿ ತಂದು ಒಂದ ಸಿಲಿಂಡರ್‌ಗೆ ಹಚ್ಚೀಯಲ್ಲೋ ತಮ್ಮಾ. ಮ್ಯಾಲ ಅಡಿಗಿ ಮಾಡಾಕಿಗೆ ಬೈದಿ."

"ನಾಳಿಂದ ಬರಬ್ಯಾಡ," ಎಂದರು ಗುರುಸಿದ್ದಯ್ಯ.

"ಬಿಡಸಬ್ಯಾಡ್ರಿ, ಇರ್ಲಿ," ಎಂದಳು ವೃಂದಾ. ಆಶಿಷನ ಕಣ್ಣು ತುಂಬಿ ಬಂದವು. ಅವಳು ಅದನ್ನು ನೋಡಿಯೇ ಮುಂದುವರಿಸಿದಳು: "ಎರಡನೇ ದಾರಿ ನಾನು ಎಳದು ಕೊಡ್ತೇನಿ. ಆದ್ರ ಸ್ವಿಚ್ ತಗದು ನೋಡದಿದ್ರ ಅದು ಐತೋ ಇಲ್ಲೋ ಗೊತ್ತಾಗೂದಿಲ್ಲ. ಪ್ರತಿ ಅಮಾಸಿಗೆ ಪೂಜಿ ಆದಮ್ಯಾಲೆ ಇವರ ಕೈಲೇ ತಗಸ್ರಿ. ಸುತ್ತಿನ ಮಿಲ್ಲಿನವರನ್ನೆಲ್ಲಾ ಪ್ರಸಾದಕ್ಕ ಕರೀರಿ. ಇದನ್ನ ಯಾಕ ಮಾಡ್ತೇವಿ ಅನ್ನೋದನ್ನ ಸಾಹೇಬ್ರ ತಮ್ಮ ಬಾಯಿಲೇ ಹೇಳ್ಲಿ."

ಆಶಿಷನ ಕಣ್ಣು ಒಣಗಿದವು. ಧಣಿ ತಲೆಯಾಡಿಸಿದರು.

ವೃಂದಾ ಪಂಕ್ತಿಯಲ್ಲಿ ಕೂತಳು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಸಿದಿತ್ತು.

"ಇನ್ನೊಂದು ಹೋಳಿಗಿ ಹಾಕ್ರಿ ಬಾಳವ್ವಾರ. ಮುಂದಿನ ಅಮಾಸಿಗೂ ಬರ್ತೇನಿ."