ಕಮ್ಮಾರ ಓಣಿಯ ಹದಿನಾಲ್ಕು ಸುತ್ತು

ನಾನು ಒಂದು ದಾಖಲೆ. ಕಾಗದದ್ದಲ್ಲ, ಕಂಪ್ಯೂಟರಿನೊಳಗಿನದು. ಧಾರವಾಡದ ಕಡೆಯ ಒಂದು ಊರಿನಲ್ಲಿ ನೀರು ಬಿಡುವ ಕೆಲಸಕ್ಕಾಗಿ ಶಾಹೀನಾ ಎಂಬ ಹುಡುಗಿ ನನ್ನನ್ನು ಕಟ್ಟಿದಳು. ನನ್ನಲ್ಲಿ ಅಳಿಸುವ ಗುಂಡಿಯೇ ಇಲ್ಲ. ವಾಲ್ವ್ ತೆರೆದರೆ ಒಂದು ಸಾಲು, ಮುಚ್ಚಿದರೆ ಕೆಳಗೆ ಇನ್ನೊಂದು. ತಪ್ಪಾದರೆ ತಿದ್ದುಪಡಿಯೂ ಹೊಸ ಸಾಲೇ. ಕಚೇರಿಯ ಪರದೆ ಮಾತ್ರ ಕಡೆಯ ಸಾಲನ್ನಷ್ಟೇ ತೋರಿಸುತ್ತದೆ. ಅದನ್ನು ಕಂಡರೆ ನನಗೆ ಆಗುವುದಿಲ್ಲ. ಈಗಿನದನ್ನಷ್ಟೇ ಹೇಳುವವರನ್ನು ನಂಬುವುದು ಹೇಗೆ?

ಹುಟ್ಟಿದಾಗಿನಿಂದ ನನ್ನದು ಸಂಶಯದ ಬುದ್ಧಿ. ಪ್ರತಿ ಸಾಲಿನಲ್ಲೂ ಎರಡು ಹೊತ್ತು ಇಟ್ಟುಕೊಳ್ಳುತ್ತೇನೆ. ಕೆಲಸ ಆಯಿತೆಂದು ನೌಕರರು ಹೇಳಿದ ಹೊತ್ತು ಒಂದು, ಆ ಸುದ್ದಿ ನನಗೆ ಬಂದು ಮುಟ್ಟಿದ ಹೊತ್ತು ಇನ್ನೊಂದು.

ನನಗೆ ಎಲ್ಲರಿಗಿಂತ ಹೆಚ್ಚು ಅನುಮಾನವಿದ್ದದ್ದು ವಾಲ್ವ್‌ಮನ್ ದ್ಯಾಮಣ್ಣನ ಮೇಲೆ. ಗುತ್ತಿಗೆಯ ನೌಕರ, ಓಣಿ ಓಣಿ ತಿರುಗಿ ಕೀಲಿ ಹಾಕಿ ವಾಲ್ವ್ ತಿರುಗಿಸುವವನು; ತುರ್ತಿಗೆ ಕಚೇರಿಯಿಂದಲೇ ಮುಚ್ಚಲು ವಾಲ್ವಿಗೊಂದು ಮೋಟಾರೂ ಇತ್ತು. ಬೆಳಿಗ್ಗೆ ಐದು ಹತ್ತಕ್ಕೆ ತೆರೆದೆ, ಏಳಕ್ಕೆ ಮುಚ್ಚಿದೆ ಎನ್ನುತ್ತಿದ್ದ. ಆ ಸಾಲುಗಳು ಅವನ ಮೊಬೈಲಿನಿಂದ ನನಗೆ ಬರುತ್ತಿದ್ದದ್ದು ಹತ್ತು ಗಂಟೆಗೆ, ಎಲ್ಲ ಓಣಿಗಳದೂ ಒಟ್ಟಿಗೆ. ಹಾಸಿಗೆಯಲ್ಲಿ ಮಲಗಿದ್ದು ಆಮೇಲೆ ಕಥೆ ಕಟ್ಟುತ್ತಾನೆ ಎಂದೇ ನಾನು ತಿಳಿದಿದ್ದೆ.

ಊರಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಕಮ್ಮಾರ ಓಣಿಗೆ ಮೂರು ಸರತಿ ನೀರು ತಪ್ಪಿತು. ಹೆಂಗಸರು ಖಾಲಿ ಕೊಡ ಹೊತ್ತು ಕಚೇರಿಗೆ ಬಂದರು. ಎಂಜಿನಿಯರ್ ಹಂಚಿನಾಳ ಸಾಹೇಬರು ಪರದೆ ತೋರಿಸಿದರು. ಕಮ್ಮಾರ ಓಣಿ, ಮುಚ್ಚಿದೆ, ದ್ಯಾಮಣ್ಣ.

"ನೋಡ್ರಿ, ಇವ ವಾಲ್ವ್ ತಗದಽ ಇಲ್ಲ. ನಾಳಿಂದ ಕೆಲಸಕ್ಕ ಬರೂದು ಬ್ಯಾಡ."

"ತಗದೀನ್ರಿ ಸಾಹೇಬ್ರ," ಎಂದ ದ್ಯಾಮಣ್ಣ. "ಕೈ ಹಸಿ ಇರ್ತಾವು, ಮೊಬೈಲ್ ಒತ್ತಿದ್ರ ತಗೋಳಂಗಿಲ್ಲ. ಅದಕ್ಕ ಎಲ್ಲಾ ಮುಗದ ಮ್ಯಾಲೆ ಚಾದಂಗಡ್ಯಾಗ ಕುಂತು ಹಾಕ್ತೀನಿ."

ನಾನು ಒಳಗೊಳಗೇ ನಕ್ಕೆ. ಎಂಥ ನೆಪ!

ಓಣಿಯ ಕಾಶವ್ವ ಕೊಡವನ್ನು ಕುಕ್ಕಿ, ಕಂಪ್ಯೂಟರಿನ ಮುಂದೆ ಕೂತಿದ್ದ ಶಾಹೀನಾಳತ್ತ ತಿರುಗಿದಳು. "ತಗದವರು ಯಾರು, ಮುಚ್ಚಿದವರು ಯಾರು, ಮೊದಲಿಂದ ಓದಿ ಹೇಳವಾ."

ಶಾಹೀನಾ ನನ್ನನ್ನು ತೆರೆದು ಒಂದೊಂದೇ ಸಾಲು ಹಿಂದಕ್ಕೆ ಹೋದಳು. ಬೆಳಿಗ್ಗೆ ಐದು ಇಪ್ಪತ್ತೈದು. ಕಮ್ಮಾರ ಓಣಿಯ ವಾಲ್ವನ್ನು ಕಚೇರಿಯ ಕಂಪ್ಯೂಟರಿನಿಂದ ಮುಚ್ಚಲಾಗಿದೆ. ಹೆಸರು ಹಂಚಿನಾಳ. ಮೋಟಾರು ತಿರುಗಿದ್ದು ಹದಿನಾಲ್ಕು ಸುತ್ತು. ಮೂರು ಸರತಿಯೂ ಹೀಗೆಯೇ.

"ಮೊದಲಽ ಮುಚ್ಚಿದ್ದ ವಾಲ್ವ್ ಆಗಿದ್ರ ಒಂದು ಸುತ್ತೂ ತಿರಗ್ತಿರಲಿಲ್ಲ," ಎಂದಳು ಶಾಹೀನಾ. "ಅಂದ್ರ ಅಷ್ಟೊತ್ತಿಗೆ ದ್ಯಾಮಣ್ಣ ತಗದಿದ್ದಾರ."

ಕಮ್ಮಾರ ಓಣಿ ಮುಚ್ಚಿದರೆ ಮೇಲಿನ ಬಡಾವಣೆಗೆ ನೀರು ಜೋರಾಗಿ ಏರುತ್ತದೆ. ಸಾಹೇಬರ ಮನೆ ಇರುವುದು ಅಲ್ಲಿ. ದ್ಯಾಮಣ್ಣನ ಸಾಲು ಬಂದು ಪರದೆಯಲ್ಲಿ ಕೂತೊಡನೆ ತಮ್ಮದು ಅಳಿಸಿಹೋಯಿತೆಂದು ಪಾಪ ಅವರು ನಂಬಿದ್ದರು.

ಸಾಹೇಬರು ಬಗ್ಗಿ ಮೆಲ್ಲಗೆ, "ಆ ಮೂರು ಸಾಲು ತಗದಬಿಡ್ರಿ ಶಾಹೀನಾ," ಎಂದರು.

"ತಗ್ಯಾಕ ಬರಂಗಿಲ್ರಿ ಸರ್," ಅವಳು ಎಲ್ಲರಿಗೂ ಕೇಳುವಂತೆಯೇ ಹೇಳಿದಳು. "ತಪ್ಪಾತು ಅಂತ ಕೆಳಗ ಇನ್ನೊಂದು ಬರೀಬಹುದು. ನಿಮ್ಮ ಹೆಸರಿಂದಽ."

ಸಾಹೇಬರು ಬರೆಯಲಿಲ್ಲ. ಮರುದಿನ ಕಮ್ಮಾರ ಓಣಿಗೆ ನೀರು ಬಂತು. ಬಿಟ್ಟವನು ದ್ಯಾಮಣ್ಣ. ಸಾಲು ನನಗೆ ಮುಟ್ಟಿದ್ದು, ಎಂದಿನಂತೆ, ಹತ್ತು ಗಂಟೆಗೆ.

ವರ್ಷಗಳು ಕಳೆದವು. ಹೊಸ ಆ್ಯಪ್ ಬಂತು. ನನ್ನನ್ನು ಒಂದು ಡಿಸ್ಕಿಗೆ ಇಳಿಸಿ ಕಚೇರಿಯ ಕಪಾಟಿನಲ್ಲಿಟ್ಟರು. ಪಕ್ಕದಲ್ಲಿ ತುಕ್ಕು ಹಿಡಿದ ವಾಲ್ವ್ ಕೀಲಿಯೊಂದಿದೆ. ಮಾಡಲು ಕೆಲಸವಿಲ್ಲದೆ ನನ್ನನ್ನೇ ನಾನು ಓದಿಕೊಳ್ಳುತ್ತೇನೆ.

ಆ ಹದಿನಾಲ್ಕು ಸುತ್ತು ಮೊದಲ ಸರತಿಯಿಂದಲೂ ನನ್ನೊಳಗೇ ಇತ್ತು. ಸಾಹೇಬರ ಸಾಲು ಬಂದದ್ದು ಸರಿಯಾದ ಹೊತ್ತಿಗೆ, ಹಾಗಾಗಿ ನಂಬಿದೆ. ದ್ಯಾಮಣ್ಣನದು ತಡವಾಗಿ ಬಂತು, ಹಾಗಾಗಿ ಸುಳ್ಳೆಂದುಕೊಂಡೆ. ನನಗೆ ನಾಚಿಕೆಯಾಗುತ್ತದೆ. ಎಲ್ಲರನ್ನೂ ಸಂಶಯಿಸಿದ ನಾನು ನನ್ನ ಸಂಶಯವನ್ನು ಒಮ್ಮೆಯೂ ಸಂಶಯಿಸಲಿಲ್ಲ. ಆ ತಪ್ಪನ್ನು ಅಳಿಸಲು ನನಗೂ ಬರುವುದಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಬಹುದು, ಅಷ್ಟೆ. ಸೇರಿಸುತ್ತಿದ್ದೇನೆ.

ಬೆಳಿಗ್ಗೆ ಐದು ಹತ್ತು. ಕಮ್ಮಾರ ಓಣಿ. ದ್ಯಾಮಣ್ಣ ತೆರೆದಿದ್ದ.