ಎಡತೋಳಿನ ಪಟ್ಟಿ

"ಕಾಲಿದೆ ಗಿಲ್, ಕಾಲಿಗೇನೂ ಕಮ್ಮಿ ಇಲ್ಲ. ಆ ಹೆಲ್ಮೆಟ್ ಒಳಗಡೆ ಏನಾದ್ರೂ ಇದೆಯಾ ಅಂತ ಕೇಳ್ತಿದೀನಿ ಅಷ್ಟೆ," ಎಂದು ರೇಡಿಯೊದಲ್ಲಿ ಯಾರೋ ಫೋನು ಮಾಡಿದವನು ಹೇಳಿ ಕಿಸಕ್ಕನೆ ನಕ್ಕ. ಮೀನಿನ ತುಂಡುಗಳಿಗೆ ಮೆಕ್ಕೆಜೋಳದ ಹಿಟ್ಟು ಹಚ್ಚುತ್ತಿದ್ದ ಲೂಷಸ್ ಪೆಟ್ವೇ ಕೈ ನಿಲ್ಲಿಸಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಅವನ ಮಗ ಡಾರಿಯನ್ ಕೂತಿದ್ದ. ಹೆಲ್ಮೆಟ್ ಅವನದು.

ಚೆಂಡು ಎಸೆದು, ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿ ಟೊಲೆಡೊ ಊರಿನ ತಂಡಕ್ಕೆ ಈ ವರ್ಷ ಡಾರಿಯನ್ನೇ ಕ್ವಾರ್ಟರ್‌ಬ್ಯಾಕ್. ಯಾರು ಎತ್ತ ಓಡಬೇಕೆಂಬ ಪಟ್ಟನ್ನು ಉಳಿದವರಿಗೆ ಹೇಳಿಕೊಡುವವನು ಅವನು, ಚೆಂಡು ಎಸೆಯುವವನು ಅವನು. ಗೆದ್ದರೆ ಊರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತದೆ. ಸೋತರೆ ಸೋಮವಾರ ಬೆಳಿಗ್ಗೆ ಅವನು ಗಿಲ್ ರೌಷನ ಬಾಯಿಗೆ ಬೀಳುತ್ತಾನೆ. ಗಿಲ್ ರೇಡಿಯೊದಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಹೊತ್ತಿಗೆ ಗಾಜಿನ ಕಾರ್ಖಾನೆಯಲ್ಲೂ ಕ್ಷೌರದಂಗಡಿಯಲ್ಲೂ ಜನರ ಸ್ವಂತ ಅಭಿಪ್ರಾಯವಾಗಿರುತ್ತದೆ.

"ಆರಿಸಪ್ಪಾ ಅದನ್ನ," ಎಂದ ಡಾರಿಯನ್.

"ಇರಲಿ ಬಿಡು. ನಮ್ಮ ಬೆನ್ನ ಹಿಂದೆ ಏನಂತಾರೆ ಅಂತ ಗೊತ್ತಿರ್ಬೇಕು."

"ಬೆನ್ನ ಹಿಂದೆ ಎಲ್ಲಿ? ಊರಿಗೆಲ್ಲಾ ಕೇಳೋ ಹಾಗೆ ಅಂತಿದಾನೆ."

ಗಿಲ್ ರೌಷ್ ಈಗ ಗಂಟಲು ಸರಿಮಾಡಿಕೊಂಡು ನ್ಯಾಯಸ್ಥನ ದನಿ ತೆಗೆದಿದ್ದ. "ನೋಡಿ ಸ್ವಾಮಿ, ನಾನು ಮೈಬಣ್ಣ ನೋಡೋನಲ್ಲ. ಚೆಂಡು ಎಲ್ಲಿ ಹೋಗಿ ಬಿತ್ತು, ಅದನ್ನ ನೋಡೋನು. ಈ ಹುಡುಗ ಹುಟ್ಟಾ ಓಟಗಾರ, ದೇವರು ಕೊಟ್ಟ ಮೈಕಟ್ಟು. ಆದ್ರೆ ಆಟ ಓದೋದು ಬೇರೆ ವಿದ್ಯೆ."

ಲೂಷಸ್ ಮೀನನ್ನು ಎಣ್ಣೆಗೆ ಬಿಟ್ಟ. ಎಣ್ಣೆಯ ಸದ್ದಿನಲ್ಲಿ ಗಿಲ್ ಸ್ವಲ್ಪ ಹೊತ್ತು ಮುಳುಗಿಹೋದ.

ಇದಕ್ಕೆಲ್ಲ ಮೂಲ ಒಂದು ಕೈಪಟ್ಟಿ. ಕ್ವಾರ್ಟರ್‌ಬ್ಯಾಕ್‌ಗಳು ಎಡಗೈಗೆ ಕಟ್ಟಿಕೊಳ್ಳುವ ಅಗಲವಾದ ರಬ್ಬರಿನ ಪಟ್ಟಿ ಅದು. ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ, ಅದರೊಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಆ ವಾರದ ಪಟ್ಟುಗಳು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಕೋಚ್ ಹೆಲ್ಮೆಟ್ಟಿನೊಳಗಿನ ಪುಟ್ಟ ರೇಡಿಯೊದಲ್ಲಿ ಸಂಖ್ಯೆ ಹೇಳುತ್ತಾನೆ. ಹುಡುಗ ಪಟ್ಟಿ ನೋಡಿ ಉಳಿದವರಿಗೆ ಪಟ್ಟು ಹೇಳುತ್ತಾನೆ. ಇಷ್ಟೇ ವಿಷಯ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ, ಎಷ್ಟೋ ಜನ ಕಟ್ಟಿಕೊಳ್ಳುತ್ತಾರೆ.

ಹೋದ ವರ್ಷ ಆ ಜಾಗದಲ್ಲಿದ್ದ ಹೋಯ್ಟ್ ಎಂಬ ಬಿಳಿ ಹುಡುಗನೂ ಕಟ್ಟಿಕೊಳ್ಳುತ್ತಿದ್ದ. ಅವನು ಪಟ್ಟಿ ನೋಡಿದಾಗಲೆಲ್ಲ ಗಿಲ್ ರೌಷ್‌ಗೆ ರೋಮಾಂಚನ. "ಸೇನಾಪತಿ ನಕ್ಷೆ ನೋಡೋ ಹಾಗಿದೆ! ಮನೆಪಾಠ ಮಾಡ್ಕೊಂಡು ಬಂದ ಹುಡುಗ ಅಂದ್ರೆ ಇವನು," ಎನ್ನುತ್ತಿದ್ದ. ಈ ವರ್ಷದ ಮೊದಲ ಪಂದ್ಯದಲ್ಲಿ ಡಾರಿಯನ್ ಅದೇ ಪಟ್ಟಿಯನ್ನು ಕಟ್ಟಿಕೊಂಡು ಒಮ್ಮೆ ನೋಡಿದ, ಅನುಮಾನವಾಗಿ ಇನ್ನೊಮ್ಮೆ ನೋಡಿದ. ಮರುದಿನ ಗಿಲ್, "ಕಾಪಿ ಚೀಟಿ ಇಲ್ದೆ ಪರೀಕ್ಷೆ ಬರೆಯೋಕೆ ಆಗಲ್ವೇನೋ ಪಾಪ," ಎಂದ. ಅದರ ಮುಂದಿನ ಪಂದ್ಯಕ್ಕೆ ಒಬ್ಬ ದೊಡ್ಡ ಮನುಷ್ಯ, ಹೆಂಡತಿ ಮಕ್ಕಳ ಸಮೇತ ಬಂದವನು, ಶಿಶುವಿಹಾರದ ಅಕ್ಷರಮಾಲೆಯ ಹಲಗೆಯೊಂದನ್ನು ತಂದು ಡಾರಿಯನ್‌ಗೆ ಕಾಣುವಂತೆ ಎತ್ತಿ ಹಿಡಿದ. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಮೂರು ಸಾಲು ಹಿಂದೆ ಲೂಷಸ್ ಕೂತಿದ್ದ. ಅವನು ಅವತ್ತು ಎದ್ದುಹೋಗಿ ಆ ಮನುಷ್ಯನಿಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈ ಕತೆ ಹೇಳುವ ನನಗೆ ಈಗಲೂ ಅನ್ನಿಸುತ್ತದೆ. ಅವನು ಬಿಡಲಿಲ್ಲ. ಮನೆಗೆ ಬಂದು, "ಪಟ್ಟಿ ಬಿಚ್ಚಿಡು. ಎಲ್ಲಾ ತಲೇಲಿ ಇಟ್ಕೋ. ತಲೆಯೊಳಗೆ ಕ್ಯಾಮೆರಾ ಬಿಡೋಕಾಗಲ್ಲ ಅವರಿಗೆ," ಎಂದ. ಡಾರಿಯನ್ ಬಿಚ್ಚಿಟ್ಟ.

ಲೂಷಸನ ಮಾತನ್ನು ಮಗ ತಳ್ಳಿಹಾಕುವಂತಿರಲಿಲ್ಲ. ಅಲಬಾಮಾದ ಹೈಸ್ಕೂಲಿನಲ್ಲಿ ಲೂಷಸನೂ ಚೆಂಡು ಎಸೆಯುವವನೇ ಆಗಿದ್ದ. ಕಾಲೇಜಿಗೆ ಸೇರಿದ ಮೊದಲ ಬೆಳಿಗ್ಗೆ ಅಲ್ಲಿನ ಕೋಚ್, ಅವನು ಒಂದು ಚೆಂಡು ಎಸೆಯುವುದನ್ನೂ ನೋಡದೆ, ಬೆರಳು ತೋರಿಸಿ ಆಚೆ ಗುಂಪಿಗೆ ಕಳಿಸಿದ. ಅಲ್ಲಿ ಕರಿಯ ಹುಡುಗರೆಲ್ಲ ಓಡುವವರು, ಓಡುವವರನ್ನು ಕೆಡವುವವರು. ಆಮೇಲೆ ಲೂಷಸ್ ಪಂದ್ಯದಲ್ಲಿ ಒಂದೇ ಒಂದು ಚೆಂಡನ್ನೂ ಎಸೆಯಲಿಲ್ಲ. ಮೊಣಕಾಲು ಹೋಯಿತು, ಟೊಲೆಡೊಗೆ ಬಂದ, ಗಾಜಿನ ಕುಲುಮೆಯ ಮುಂದೆ ನಿಂತು ತಲೆ ನರೆಯಿಸಿಕೊಂಡ. ಮಗನಿಗೆ ಮಾತ್ರ ಇದೇ ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳನ್ನು ಆಟಗಾರರ ಹಾಗೆ ನಿಲ್ಲಿಸಿ ಪಟ್ಟುಗಳನ್ನು ಬಾಯಿಪಾಠ ಮಾಡಿಸಿದ. ತಪ್ಪು ಹೇಳಿದರೆ ಊಟ ತಣ್ಣಗಾಗುತ್ತಿತ್ತು.

ಈಗ ಬಂದಿರುವ ಸಂಕಟ ಬೇರೆ. ಮುಂದಿನ ಪಂದ್ಯ ಪರವೂರಿನಲ್ಲಿ, ಮುಚ್ಚಿದ ಛಾವಣಿಯ ಮೈದಾನದಲ್ಲಿ. ಅಲ್ಲಿನ ಜನ ಕಿರುಚಿದರೆ ಪಕ್ಕದಲ್ಲಿದ್ದವನ ಮಾತು ಪಕ್ಕದವನಿಗೆ ಕೇಳುವುದಿಲ್ಲ. ಕೆಸ್ಲರ್ ಕೋಚ್ ಬುಧವಾರ ಡಾರಿಯನ್‌ನನ್ನು ಕರೆದು ಪಟ್ಟಿಯನ್ನು ಕೈಗಿಟ್ಟ.

"ಆ ಗಲಾಟೇಲಿ ಇಡೀ ಪಟ್ಟು ಹೇಳ್ತಾ ಕೂರೋಕಾಗಲ್ಲ ಕಣಪ್ಪಾ. ಸಂಖ್ಯೆ ಹೇಳ್ತೀನಿ, ನೀನು ನೋಡ್ಕೊ. ಈ ವಾರದ ಪಟ್ಟಿ ಪೂರ್ತಿ ಹೊಸದು."

"ತಲೇಲಿ ಇಟ್ಕೋತೀನಿ ಕೋಚ್."

"ನಿನ್ನ ತಲೆ ಮೇಲೆ ನನಗೇನೂ ಅನುಮಾನ ಇಲ್ಲ. ಆದ್ರೂ ಕಟ್ಕೋಬೇಕು. ಕಟ್ಕೊಂಡ್ರೆ ನೀನು ಆಡ್ತೀಯ, ಇಲ್ಲಾಂದ್ರೆ ಹೋಯ್ಟ್ ಆಡ್ತಾನೆ."

ಹೊರಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹೋಯ್ಟ್ ಶೂ ಬಿಚ್ಚುತ್ತ ಕೂತಿದ್ದ. ಒಳ್ಳೆಯ ಹುಡುಗ, ಯಾರ ಅನ್ನಕ್ಕೂ ಕೈ ಹಾಕಿದವನಲ್ಲ.

"ಕಟ್ಕೊಳ್ಳೋದಕ್ಕೆ ಏನೋ ನಿನಗೆ? ನಾನೂ ಕಟ್ಕೋತಿದ್ದೆ. ನನಗೆ ಯಾರೂ ಏನೂ ಅನ್ನಲಿಲ್ಲ," ಎಂದ.

"ಅದೇ ಮಾರಾಯ. ನಿನಗೆ ಯಾರೂ ಏನೂ ಅನ್ನಲಿಲ್ಲ," ಎಂದ ಡಾರಿಯನ್.

ಹೋಯ್ಟ್ ತಲೆ ಬಗ್ಗಿಸಿದ. ಶೂವಿನ ದಾರ ಬಿಚ್ಚುವುದರಲ್ಲಿ ಮಗ್ನನಾದ.

ಶುಕ್ರವಾರ ಡಾರಿಯನ್ ಅಪ್ಪನಿಗೆ ವಿಷಯ ತಿಳಿಸಿದ. ಲೂಷಸ್ ಗಲ್ಲ ಉಜ್ಜಿಕೊಳ್ಳುತ್ತ ಲೆಕ್ಕ ಹಾಕಿದ. ಮಗ ಪಟ್ಟಿ ಕಟ್ಟಿದರೆ ಮತ್ತೆ ಆ ಹಲಗೆ ಮೇಲೇಳುತ್ತದೆ. ಕಟ್ಟದಿದ್ದರೆ ಜಾಗವೇ ಹೋಗುತ್ತದೆ, ಒಮ್ಮೆ ಹೋದ ಜಾಗವನ್ನು ಇವರು ನಮ್ಮಂಥವರಿಗೆ ತಿರುಗಿ ಕೊಡುವುದಿಲ್ಲ. ಕೊನೆಗೆ ಅವನ ಮುಖ ಅರಳಿತು. ಒಳಗೆ ಹೋಗಿ, ಚಳಿಗಾಲದಲ್ಲಿ ಜೆರ್ಸಿಯ ಕೆಳಗೆ ಹಾಕುವ ಮೈಗಂಟುವ ಕರಿಯ ಉದ್ದತೋಳಿನ ಅಂಗಿಯನ್ನು ತಂದ.

"ಇದರ ಒಳಗಡೆ ಕಟ್ಕೋ. ಕೋಚ್ ಮಾತೂ ನಡೀತು, ಯಾರ ಕಣ್ಣಿಗೂ ಬೀಳಲಿಲ್ಲ."

"ಬೇಕಾದಾಗ ನೋಡೋದು ಹೆಂಗೆ?"

"ಸರ್ರಂತ ಮೇಲಕ್ಕೆಳಿ, ನೋಡು, ಬಿಡು. ಅಷ್ಟೇ ಕೆಲಸ. ಮಿಕ್ಕಿದ್ದೆಲ್ಲ ನಿನ್ನ ತಲೇಲಿ ಇದ್ದೇ ಇರುತ್ತಲ್ಲ."

ಡಾರಿಯನ್ ಅಡುಗೆಮನೆಯಲ್ಲೇ ಅಂಗಿ ಹಾಕಿ, ಒಳಗೆ ಪಟ್ಟಿ ಕಟ್ಟಿ, ತೋಳು ಎಳೆದು ಬಿಟ್ಟು ನೋಡಿದ. ಲೂಷಸ್ ಬಾಯಿಂದ ಜನಜಂಗುಳಿಯ ಸದ್ದು ಮಾಡುತ್ತ ಸಂಖ್ಯೆ ಕೂಗಿದ. ಮಗ ಎಳೆದು, ನೋಡಿ, ಉಪ್ಪಿನ ಡಬ್ಬಿಗೂ ಮೆಣಸಿನ ಡಬ್ಬಿಗೂ ಪಟ್ಟು ಹೇಳಿದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆ ಮನೆಯಲ್ಲಿ ಆ ರೀತಿ ನಗು ಕೇಳಿ ಬಹಳ ಕಾಲವಾಗಿತ್ತು.

ಭಾನುವಾರ ಲೂಷಸ್ ಟಿ.ವಿ. ಮುಂದೆ ಒಬ್ಬನೇ ಕೂತ. ಪಂದ್ಯ ಮುಕ್ಕಾಲು ಭಾಗ ಚೆನ್ನಾಗಿಯೇ ನಡೆಯಿತು. ಬೇಕಾದ ಪಟ್ಟುಗಳೆಲ್ಲ ಡಾರಿಯನ್‌ನ ತಲೆಯಲ್ಲೇ ಇದ್ದವು, ತೋಳಿನ ಕಡೆ ಅವನು ಹೆಚ್ಚಾಗಿ ಹೋಗಲೇ ಇಲ್ಲ. ಆದರೆ ಛಾವಣಿ ಮುಚ್ಚಿದ ಮೈದಾನದಲ್ಲಿ ಸೆಕೆ. ಬಾಕಿಯವರೆಲ್ಲ ಬರಿತೋಳಿನಲ್ಲಿದ್ದರು. ಅವನ ಅಂಗಿ ಬೆವರಿನಲ್ಲಿ ತೊಯ್ದು ಚರ್ಮದಂತೆ ಮೈಗೆ ಹತ್ತಿಕೊಂಡಿತ್ತು. ಅಡುಗೆಮನೆಯಲ್ಲಿ ಅವರು ಯೋಚಿಸದೆ ಬಿಟ್ಟಿದ್ದು ಇದೊಂದನ್ನೇ.

ಕೊನೆಯ ನಿಮಿಷ. ಟೊಲೆಡೊ ಸ್ವಲ್ಪದರಲ್ಲಿ ಹಿಂದಿತ್ತು, ದಾಟಿದರೆ ಅಂಕ ಸಿಗುವ ಗೆರೆ ಮುಂದೆಯೇ ಇತ್ತು. ಕೆಸ್ಲರ್ ಕೊನೆಯ ಗಳಿಗೆಯಲ್ಲಿ ಪಟ್ಟು ಬದಲಿಸಿ ಸಂಖ್ಯೆ ಕಳಿಸಿದ. ಆ ಕಿರುಚಾಟದಲ್ಲಿ ಡಾರಿಯನ್‌ಗೆ ಸಂಖ್ಯೆಯೊಂದೇ ಕೇಳಿಸಿತು. ಅವನು ತೋಳು ಎಳೆದ. ಬರಲಿಲ್ಲ. ಬಟ್ಟೆ ಪಟ್ಟಿಯ ಅಂಚಿಗೆ ಸಿಕ್ಕಿಕೊಂಡು ಗಂಟಾಗಿತ್ತು. ಮತ್ತೆ ಎಳೆದ. ಹೆಲ್ಮೆಟ್ಟಿನ ಕಂಬಿಯ ಸಂದಿಗೆ ಕೈ ಒತ್ತಿ ಹಲ್ಲಿನಿಂದ ಕಚ್ಚಿ ಎಳೆಯಲು ನೋಡಿದ. ಕ್ಯಾಮೆರಾ ಅವನ ಮೇಲೆಯೇ ಇತ್ತು.

"ಏನ್ ಮಾಡ್ತಿದಾನೆ ಈ ಹುಡುಗ? ಕೈ ತುರಿಕೆನಾ?" ಎಂದ ಟಿ.ವಿ.ಯವನು.

"ಎಳಿಯೋ, ಎಳಿಯೋ," ಎನ್ನುತ್ತ ಲೂಷಸ್ ತನ್ನ ಎಡತೋಳನ್ನೇ ಹಿಡಿದು ಜಗ್ಗುತ್ತಿದ್ದ.

ಹೊತ್ತು ಮೀರುತ್ತಿತ್ತು. ಡಾರಿಯನ್ ತೋಳು ಬಿಟ್ಟು ಬಾಯಿಗೆ ಬಂದ ಪಟ್ಟು ಕೂಗಿದ. ಆ ಸಂಖ್ಯೆಗೆ ಹೋದ ವಾರದ ಪಟ್ಟಿಯಲ್ಲಿದ್ದ ಪಟ್ಟು ಅದು. ಕಲಿತದ್ದನ್ನು ಅವನು ಅಷ್ಟು ಚೆನ್ನಾಗಿ ಕಲಿತಿದ್ದ. ಹೋದ ವಾರಕ್ಕೆ ಸರಿಯಾಗಿದ್ದ ಜಾಗದಲ್ಲಿ ಈ ವಾರ ಎದುರು ತಂಡದವನು ನಿಂತಿದ್ದ. ಚೆಂಡು ಅವನ ಎದೆಗೇ ಹೋಗಿ ಸೇರಿತು. ಅವನು ಅದನ್ನು ಹಿಡಿದುಕೊಂಡು ಇಡೀ ಮೈದಾನ ಓಡಿ, ಅಂಕ ಗಳಿಸಿ ಪಂದ್ಯ ಮುಗಿಸಿದ. ಅವನನ್ನು ಅಟ್ಟಿಸಿಕೊಂಡು ಕೊನೆಯ ತನಕ ಓಡಿದವನು ಡಾರಿಯನ್ ಒಬ್ಬನೇ.

"ಈ ಹುಡುಗನ ಓಟ ನೋಡಿ, ಏನು ಓಟ!" ಎಂದ ಟಿ.ವಿ.ಯವನು.

ಸೋಮವಾರ ಗಿಲ್ ರೌಷ್‌ಗೆ ಹಬ್ಬ. "ಚೀಟಿ ಬಚ್ಚಿಟ್ಕೊಂಡಿದ್ನಂತೆ ಸ್ವಾಮಿ! ಬಚ್ಚಿಟ್ಟ ಚೀಟಿ ಓದೋಕೂ ಬರಲಿಲ್ವಂತೆ!" ಫೋನು ಮಾಡಿದವರೆಲ್ಲ ನಗುತ್ತಲೇ ಮಾತು ಶುರುಮಾಡಿದರು. ಬಣ್ಣದ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬ ಹೆಂಗಸು ಮಾತ್ರ, "ಹೋದ ವರ್ಷ ಹೋಯ್ಟ್ ಇದಕ್ಕಿಂತ ಹೆಚ್ಚು ಸಲ ಹೀಗೆ ಚೆಂಡು ಕಳ್ಕೊಂಡಿದ್ನಲ್ಲ, ಆಗ ಅವನ ಓದಿನ ವಿಷಯ ನೀವು ಎತ್ತಲೇ ಇಲ್ಲ?" ಎಂದು ಕೇಳಿದಳು. ಗಿಲ್, "ಅಮ್ಮಾ, ಎಲ್ಲದಕ್ಕೂ ಅದನ್ನೇ ತಂದ್ರೆ ಆಟ ನೋಡೋದು ಯಾವಾಗ?" ಎಂದು ಜಾಹೀರಾತಿಗೆ ಹೋದ.

ಮಂಗಳವಾರ ಕೆಸ್ಲರ್ ಕರೆಸಿದ್ದ. ಡಾರಿಯನ್ ಅಲ್ಲಿಂದ ಮನೆಗೆ ಬಂದಾಗ ಲೂಷಸ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಕೈಯಲ್ಲಿ ತೀರಿಕೊಂಡ ಹೆಂಡತಿಯ ಕತ್ತರಿ. ಅವಳು ಕೌದಿ ಹೊಲಿಯುತ್ತಿದ್ದಾಗ ಬೇರೆ ಯಾರಿಗೂ ಮುಟ್ಟಲು ಬಿಡದಿದ್ದ ಕತ್ತರಿ ಅದು. ಮುಂದೆ ಮಗನ ಉದ್ದತೋಳಿನ ಅಂಗಿಗಳ ರಾಶಿ. ಒಂದೊಂದೇ ಎತ್ತಿ, ಎಡತೋಳನ್ನು ಮಾತ್ರ ಭುಜದಿಂದ ಕತ್ತರಿಸುತ್ತಿದ್ದ. ಕತ್ತರಿಸಿದ ತೋಳುಗಳು ಅವನ ಕಾಲ ಬಳಿ ಬಿದ್ದಿದ್ದವು. ರೇಡಿಯೊ ಆರಿತ್ತು.

"ಏನಪ್ಪಾ ಇದು?"

"ನಂದೇ ತಪ್ಪು ಮಗಾ. ಮುಚ್ಕೋ ಅಂತ ನಿನಗೆ ಕಲಿಸಿದ್ದು ನಾನು." ಲೂಷಸ್ ತಲೆ ಎತ್ತಲಿಲ್ಲ. "ಇನ್ಮೇಲೆ ಬರೀ ತೋಳಿಗೆ ಕಟ್ಕೋ. ಬೇಕಾದಷ್ಟು ಸಲ ನೋಡ್ಕೋ. ಕ್ಯಾಮೆರಾದವನಿಗೆ ತೋರಿಸಿ ತೋರಿಸಿ ನೋಡು. ಹಲಗೆ ಎತ್ತೋರು ಎತ್ಲಿ, ಕೈ ನೋಯೋವರೆಗೂ ಎತ್ಕೊಂಡು ನಿಂತಿರ್ಲಿ."

ಡಾರಿಯನ್ ಕೋಟನ್ನು ಬಿಚ್ಚದೆ ಎದುರಿನ ಕುರ್ಚಿಯಲ್ಲಿ ಕೂತ. ಉಪ್ಪಿನ ಡಬ್ಬಿಯನ್ನು ಕೈಗೆತ್ತಿಕೊಂಡು ಹೊರಳಿಸಿದ.

"ಅಪ್ಪಾ, ಚೆಂಡು ಹಿಡಿಯೋರಿಗೆ ಪಟ್ಟಿ ಬೇಡ."

ಕತ್ತರಿ ನಿಂತಿತು.

"ಭಾನುವಾರದಿಂದ ಹೋಯ್ಟ್ ಎಸೀತಾನೆ. ನಾನು ಓಡಿ ಹಿಡೀಬೇಕಂತೆ. ಒಪ್ಪಿದ್ರೆ ತಂಡದಲ್ಲಿ ಇರಬಹುದು."

"ಏನಂದ ಅವನು? ಅವನ ಮಾತಲ್ಲೇ ಹೇಳು."

"ಕೆಟ್ಟದಾಗೇನೂ ಅನ್ನಲಿಲ್ಲ. ಹೆಗಲ ಮೇಲೆ ಕೈ ಹಾಕಿ ಪ್ರೀತಿಯಿಂದಲೇ ಹೇಳಿದ. ಡಾರಿಯನ್, ನಿನ್ನಂಥ ಕಾಲನ್ನ…"

"…ಒಂದೇ ಕಡೆ ನಿಲ್ಲಿಸಿ ಹಾಳುಮಾಡೋದು ಪಾಪ ಕಣಪ್ಪಾ," ಎಂದು ಲೂಷಸ್ ಮುಗಿಸಿದ.

ಡಾರಿಯನ್ ಅಪ್ಪನ ಮುಖ ನೋಡಿದ. ಕಾಲೇಜಿನ ಆ ಮೊದಲ ಬೆಳಗಿನ ಕತೆಯನ್ನು ಅಪ್ಪ ಅವನಿಗೆ ಎಷ್ಟೋ ಸಲ ಹೇಳಿದ್ದ. ಬೆರಳು ತೋರಿಸಿದ್ದನ್ನು ಹೇಳಿದ್ದ. ಆಗ ಆ ಕೋಚ್ ಆಡಿದ ಈ ಮಾತನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ.

"ನೀನು ಏನಂದೆ?" ಎಂದು ಕೇಳಿದ ಲೂಷಸ್.

"ಏನೂ ಅನ್ನಲಿಲ್ಲ. ನೀನು ಅವತ್ತು ಏನಂದೆ?"

ಲೂಷಸ್ ಮತ್ತೆ ಕತ್ತರಿಗೆ ಬೆರಳು ತೂರಿಸಿದ. ಕೈಯಲ್ಲಿದ್ದ ಅಂಗಿಯ ತೋಳು ಅರ್ಧ ಕತ್ತರಿಸಿ ಜೋತುಬಿದ್ದಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ, ಮೊಣಕಾಲ ಮೇಲೆ ಹರಡಿ ನೇರ ಮಾಡಿದ, ಮಿಕ್ಕ ಅರ್ಧವನ್ನು ಹೊಲಿಗೆಯ ಗುಂಟ ನಿಧಾನವಾಗಿ ಕತ್ತರಿಸತೊಡಗಿದ.