ಕೈ ನಿಲ್ಲಿಸುವ ಗುಟುಕು

ನಮ್ಮ ಡ್ಯಾನ್‌ಬರಿ ಊರಿನಲ್ಲಿ ಟೋಪಿ ಕಾರ್ಖಾನೆಗೆ ಹೋಗುವ ಗಂಡಸರ ಕೈ ನಡುಗುತ್ತದೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಮದ್ದು ಮಾತ್ರ ಮನೆಮನೆಯಲ್ಲಿದೆ: ಬೆಳಿಗ್ಗೆ ಎದ್ದೊಡನೆ ಒಂದು ಗುಟುಕು ವಿಸ್ಕಿ. ಕುಡಿಸುವುದು ಹೆಂಡತಿಯ ಕೆಲಸ, ಗಂಡನೇ ಲೋಟ ಹಿಡಿದರೆ ಅರ್ಧ ಅಂಗಿಯ ಪಾಲು.

ನನ್ನ ಗಂಡ ಥ್ಯಾಡ್ ಇಪ್ಪತ್ತೆರಡು ವರ್ಷದಿಂದ ಟೋಪಿಗೆ ಬೇಕಾದ ಮೊಲದ ತುಪ್ಪಳಕ್ಕೆ ಪಾದರಸದ ನೀರು ಬಳಿಯುತ್ತಾನೆ. ಅದು ಒಣಗುವಾಗ ಏಳುವ ಆವಿ ಕೋಣೆಯಲ್ಲೇ ನಿಲ್ಲುತ್ತದೆ. ಮದುವೆಯಾದಾಗ ಪಿಟೀಲು ನುಡಿಸುತ್ತಿದ್ದ ಮನುಷ್ಯ ಈಗ ಅಂಗಿಯ ಗುಂಡಿ ಹಾಕಿಕೊಳ್ಳಲಾರ. ಅದಕ್ಕಿಂತ ಕೆಟ್ಟದ್ದು ಅವನ ನಾಚಿಕೆ. ಯಾರಾದರೂ ನೋಡಿದರೆ ನಡುಕ ಇಮ್ಮಡಿಯಾಗುತ್ತದೆ. ಚರ್ಚಿನಲ್ಲಿ ಹಿಂದಿನ ಬೆಂಚು, ಮನೆಗೆ ನೆಂಟರು ಬಂದರೆ ಕಟ್ಟಿಗೆ ಕೋಣೆ. ಟೋಪಿ ಮಾಡುವವರ ಹುಚ್ಚು ಊರೂರಲ್ಲಿ ಗಾದೆಯಾಗಿದೆ. ಗಾದೆ ಹೇಳಿ ನಗುವವರ ತಲೆಯ ಮೇಲೆ ಇರುವುದೂ ನಮ್ಮ ಟೋಪಿಯೇ, ಅದು ನನಗೆ ಮೈ ಉರಿಸುತ್ತದೆ.

ಚಳಿಗಾಲ ಮುಗಿಯುವಾಗ ಸರಕಾರದ ಡಾಕ್ಟರು ಬರುತ್ತಾರೆಂದು ಸುದ್ದಿಯಾಯಿತು. ಪಾದರಸದಿಂದ ಕೆಟ್ಟವರು ಎಂದು ಅವರು ಬರೆದುಕೊಟ್ಟರೆ ಮೇಲಂತಸ್ತಿನಲ್ಲಿ ಕೆಲಸವಂತೆ.

“ನಾ ಹೋಗಲ್ಲ ಕಣೇ,” ಎಂದ ಥ್ಯಾಡ್. “ಎಲ್ಲರ ಮುಂದೆ ಕೈ ಚಾಚಿ ನಿಲ್ಲೋಕೆ ನಾನೇನು ಸಂತೆ ಕುದುರೆನಾ?”

“ಕುದುರೆ ಆಗಿದ್ರೆ ಎಂದೋ ಮಾರಿಬಿಡ್ತಿದ್ದೆ. ಮೇಲ್ಗಡೆ ಗಾಳಿ ಇದೆ. ಡಬ್ಬಿಗೆ ಟೋಪಿ ತುಂಬಿದ್ರೆ ಆಯ್ತು. ಇನ್ನೊಂದು ವರ್ಷ ಅದೇ ಕೋಣೇಲಿದ್ರೆ ನೀನು ನನಗೆ ಸಿಗಲ್ಲ ಥ್ಯಾಡ್. ನಾನೂ ಜೊತೆಗೆ ಬರ್ತೀನಿ.”

ಆ ಬೆಳಿಗ್ಗೆ ಅವನಿಗೆ ಭಯಕ್ಕೆ ಮೆಟ್ಟಿಲಿಳಿಯಲೂ ಆಗಲಿಲ್ಲ. ದಿನದಂತೆ ಒಂದು ಗುಟುಕು ಕುಡಿಸಿದೆ. ಸಾಲದೆ ಹೋದಾಗ ಧೈರ್ಯಕ್ಕಿರಲಿ ಎಂದು ಇನ್ನೊಂದು. ಹದಿನೈದು ವರ್ಷದ ರೂಢಿ, ಏನು ಮಾಡುತ್ತಿದ್ದೇನೆಂದು ನಾನು ಯೋಚಿಸಲೇ ಇಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಬೆರಳು ಚಾಚಲು ಹೇಳಿದರು, ಹೆಸರು ಬರೆಸಿದರು. ಎಷ್ಟೋ ವರ್ಷಗಳ ಮೇಲೆ ಥ್ಯಾಡ್ ತನ್ನ ಹೆಸರನ್ನು ಪೂರ್ತಿ ಬರೆದ. ನನ್ನ ಕಡೆ ತಿರುಗಿ ನಕ್ಕ. ತೋರಿಸಲೆಂದು ಬಂದಿದ್ದ ನಡುಕವನ್ನು ನಾನೇ ಕುಡಿಸಿ ನಿಲ್ಲಿಸಿಬಿಟ್ಟಿದ್ದೆ.

ಡಾಕ್ಟರು ಮುಂದೆ ಬಾಗಿ ವಾಸನೆ ಹಿಡಿದರು. “ಕುಡಿದಿದ್ದೀರಾ?”

“ಎರಡೇ ಗುಟುಕು, ಸಾರ್. ದಿನಾ ಒಂದೇ,” ಎಂದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

“ಡಾಕ್ಟರೇ, ಕುಡಿದು ನಡುಕ ಬಂದಿದ್ದಲ್ಲ, ನಡುಕ ಬಂದು ಕುಡಿಯೋದು,” ಎಂದೆ ನಾನು.

“ಬೆಳಿಗ್ಗೆಯಿಂದ ಎಲ್ಲಾ ಹೆಂಗಸರೂ ಇದನ್ನೇ ಹೇಳ್ತಿದ್ದಾರಮ್ಮ.”

“ನಾಳೆ ಕುಡಿಸದೆ ಕರ್ಕೊಂಡು ಬರ್ತೀನಿ. ನೀವೇ ನೋಡಿ.”

“ಕುಡುಕರಿಗೂ ಕುಡಿಯದಿದ್ರೆ ಕೈ ನಡುಗತ್ತೆ,” ಎಂದರು ಅವರು, ಬೇಸರದಿಂದಲೇ. ಕಾಗದದ ಮೇಲೆ ಒಂದೇ ಮಾತು ಬರೆದರು: ಕುಡಿತ.

ದಾರಿಯುದ್ದಕ್ಕೂ ಥ್ಯಾಡ್ ಖುಷಿಯಾಗಿದ್ದ. “ನೋಡಿದ್ಯಾ ಹನೋರಾ? ಒಂದಕ್ಷರಾನೂ ಸೊಟ್ಟ ಇಲ್ಲ.”

“ನೋಡ್ದೆ,” ಎಂದೆ.

ಮಾರನೆಯ ಬೆಳಿಗ್ಗೆ ಲೋಟ ಮುಟ್ಟಬಾರದೆಂದು ಕೂತೆ. ಅವನು ಗುಂಡಿಯ ಜೊತೆ ಹೆಣಗಿ ಹೆಣಗಿ ಅಳುವಂತಾದ. ತಡವಾದರೆ ಆ ಕೋಣೆಯ ಕೆಲಸವೂ ಇಲ್ಲ. ಕಾರ್ಖಾನೆಯ ಸಿಳ್ಳೆ ಊದಿತು. ಎದ್ದು ಅವನ ಗಲ್ಲ ಹಿಡಿದು ಲೋಟವನ್ನು ತುಟಿಗಿಟ್ಟೆ.